ಬೆಣ್ಣೆ ನೀಲಿಯಾದ ದಿನ

ಕಪ್ ಇಲ್ಲದೆ ವಾಪಸ್ ಬಂದರೆ ನನ್ನನ್ನು ಮನುಷ್ಯ ಅಂತ ಕರೆಯಬೇಡಿ ಎಂದು ನಾನು ಷಡ್ಡಕನ ಎದುರಿಗೆ ಊಟದ ಮೇಜು ಗುದ್ದಿ ಹೇಳಿದೆ. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ಅವನ ತೊಡೆಯ ಮೇಲೆ ಬಿತ್ತು. ಅದರಿಂದ ನನಗೆ ಅರ್ಧ ಸಮಾಧಾನವಾಯಿತು.

ಅವನು ಮಾಡಿದ್ದಾದರೂ ಏನು? ನಮ್ಮ ಬಿಳಿ ಪೊಮೆರೇನಿಯನ್ ನಾಯಿ ಬೆಣ್ಣೆ ಊರಿನ ನಾಯಿ ಪ್ರದರ್ಶನದಲ್ಲಿ ಗೆದ್ದಿದ್ದ ಕಪ್ಪನ್ನು ತಿರುವಿ ಮುರುವಿ ನೋಡಿ, ಸ್ಪರ್ಧೆಗೆ ಒಟ್ಟು ಎಷ್ಟು ನಾಯಿ ಬಂದಿದ್ದವು ಎಂದು ಕೇಳಿದ. ನನ್ನ ಹೆಂಡತಿ, ಸತ್ಯವಂತೆ, ಮೂರು ಎಂದಳು. ಅವನು ನಕ್ಕ. ಆ ನಗುವಿಗೆ ಉತ್ತರವಾಗಿ ನಾನು ವಿದೇಶದ ನಾಯಿ ಪ್ರದರ್ಶನಕ್ಕೆ ಬೆಣ್ಣೆಯ ಯಾತ್ರೆಯನ್ನು ಘೋಷಿಸಿಬಿಟ್ಟೆ!

ನನ್ನ ಸಿಟ್ಟಿನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಬಡಗಿಗೆ ಉಳಿ ಹೇಗೋ ನನಗೆ ಸಿಟ್ಟು ಹಾಗೆ. ಒಮ್ಮೆ ಗುಡುಗಿದರೆ ಎರಡು ವರ್ಷ ಮಲಗಿದ್ದ ಫೈಲು ಎದ್ದು ಕೂರುತ್ತದೆ. ಮನೆಯಲ್ಲಿ ಮಾತ್ರ ಈ ಉಳಿ ಮೊಂಡು. ಹೆಂಡತಿ ಶಾಲೆಯಲ್ಲಿ ಭಾಷೆ ಕಲಿಸುವ ಟೀಚರು. ಇಪ್ಪತ್ತಾರು ವರ್ಷ ದಿನವೂ ನಲವತ್ತು ಗಂಟಲುಗಳ ಗಲಾಟೆ ಕೇಳಿದವಳಿಗೆ ನನ್ನದೊಂದು ಗಂಟಲು ಯಾವ ಮೂಲೆಗೆ?

ಘೋಷಣೆ ನನ್ನದು, ಕೆಲಸ ಅವಳದು. ನಾಯಿಗೆ ಚುಚ್ಚುಮದ್ದು, ಅದರ ಸರ್ಟಿಫಿಕೇಟು, ವಿಮಾನದವರ ಒಪ್ಪಿಗೆ ಪತ್ರ, ಅಳತೆಗೆ ಸರಿಯಾದ ಪೆಟ್ಟಿಗೆ, ಎಲ್ಲವನ್ನೂ ಅವಳೇ ಓಡಾಡಿ ಮಾಡಿಸಿದಳು. ಸಂಜೆ ಹೊತ್ತು ಪಾಠಕ್ಕೆ ಹೋಗಿ ಆ ದೇಶದ ಭಾಷೆಯನ್ನೂ ಕಲಿತಳು. ನೀವೂ ನಾಲ್ಕು ಮಾತು ಕಲಿಯಿರಿ ಎಂದರೆ, ಸಿಟ್ಟಿಗೆ ಎಲ್ಲ ದೇಶದಲ್ಲೂ ಒಂದೇ ಭಾಷೆ ಎಂದು ನಾನು ಪೇಪರು ಓದುತ್ತಾ ಕೂತೆ.

ಅಲ್ಲಿ ಇಳಿದ ಗಳಿಗೆಯಿಂದ ನನ್ನ ಸಿಟ್ಟಿಗೆ ಬಿಡುವೇ ಸಿಗಲಿಲ್ಲ. ವಿಮಾನ ನಿಲ್ದಾಣದ ಪಶುವೈದ್ಯ ಬೆಣ್ಣೆಯನ್ನು ಮೂರು ಸಲ ತಪಾಸಣೆ ಮಾಡಿ ಮುದ್ದಾಡಿದ. ನನ್ನನ್ನು ಮಾತ್ರ ಕಳ್ಳನ ಹಾಗೆ ನೋಡಿದ. ಹೋಟೆಲಿನವರು ನಾಯಿಗೆ ಮೆತ್ತನೆಯ ಹಾಸಿಗೆ ಕೊಟ್ಟರು. ನನಗೆ ಇನ್ನೊಂದು ದಿಂಬು ಕೇಳಿದರೆ ಇಲ್ಲವೆಂದರು.

ಪ್ರದರ್ಶನದ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ಒಬ್ಬ ಹೆಂಗಸು ತನ್ನ ಪೊಮೆರೇನಿಯನ್ ಎತ್ತಿಕೊಂಡು ನಿಂತಿದ್ದಳು. ಆ ನಾಯಿ ಉಪ್ಪಿನಷ್ಟು ಬೆಳ್ಳಗಿತ್ತು. ಆಕೆ ನಮ್ಮ ಬೆಣ್ಣೆಯನ್ನು ನೋಡಿ ಏನೋ ಅಂದಳು. ಏನಂತೆ ಎಂದು ಹೆಂಡತಿಯನ್ನು ಕೇಳಿದೆ.

"ಪ್ರಯಾಣದಲ್ಲಿ ಸ್ವಲ್ಪ ಹಳದಿಯಾಗಿದೆ, ಪಾಪ, ಅಂದ್ರು."

ಹಳದಿಯನ್ನು ಸಹಿಸಬಹುದಿತ್ತು. ಆ 'ಪಾಪ' ಮಾತ್ರ ನೇರವಾಗಿ ನನ್ನ ನೆತ್ತಿಗೇರಿತು.

ರೂಮಿಗೆ ಬಂದ ಮೇಲೆ ಹೆಂಡತಿ ಸ್ಪರ್ಧೆಯ ನಂಬರು ತರಲು ಹೊರಟಳು. ಬೆಣ್ಣೆಗೆ ಸ್ನಾನವಾಗಿದೆ, ಬಾಚಿಯೂ ಆಗಿದೆ, ಅದನ್ನು ಮುಟ್ಟಬೇಡಿ ಎಂದಳು. ಯಾಕೆ ಮುಟ್ಟಬಾರದು ಎಂದೆ.

"ಸಿಟ್ಟಲ್ಲಿದ್ದೀರಿ, ಅದಕ್ಕೆ."

ಅವಳ ಹಿಂದೆ ಬಾಗಿಲು ಮುಚ್ಚಿತು. ನನ್ನ ಸೂಟ್‌ಕೇಸಿನಲ್ಲಿ ಬಿಳಿ ಷರ್ಟಿಗೆ ಹಾಕುವ ನೀಲಿಯ ಬಾಟಲಿ ಇತ್ತು. ಹಳದಿ ಷರ್ಟನ್ನು ಬೆಳ್ಳಗೆ ಮಾಡುವ ನೀಲಿ, ಹಳದಿ ನಾಯಿಯನ್ನು ಯಾಕೆ ಮಾಡಬಾರದು? ಸ್ನಾನದ ತೊಟ್ಟಿಗೆ ನೀರು ಬಿಟ್ಟೆ. ಬಕೆಟ್ಟಿಗೆ ನಾಲ್ಕು ಹನಿ ಎಂಬ ಲೆಕ್ಕ ನನಗೆ ಗೊತ್ತಿತ್ತು. ಆದರೆ ಬಾಟಲಿಯ ಬಾಯಿ ಕಟ್ಟಿಕೊಂಡಿತ್ತು. ನನ್ನ ಎದುರು ಬಾಯಿ ಕಟ್ಟಿಕೊಂಡು ಕೂರುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಹಲ್ಲು ಕಚ್ಚಿ ಹಿಂಡಿದೆ. ಅರ್ಧ ಬಾಟಲಿ ಒಂದೇ ಏಟಿಗೆ ತೊಟ್ಟಿಗೆ ಬಿತ್ತು. ಅದೇ ಸಿಟ್ಟಿನಲ್ಲಿ ಬೆಣ್ಣೆಯನ್ನೂ ಮುಳುಗಿಸಿದೆ.

ಮೇಲೆ ಬಂದದ್ದು ಮೋಡವಿಲ್ಲದ ಮಧ್ಯಾಹ್ನದ ಆಕಾಶ! ಅದಕ್ಕೆ ನಾಲ್ಕು ಕಾಲು, ಎರಡು ಕಣ್ಣು.

ಮೂರು ಸಲ ತೊಳೆದೆ. ಹೋಟೆಲಿನ ಐದು ಟವೆಲ್ಲುಗಳು ಆಕಾಶವಾದವು. ಅವನ್ನು ಮಂಚದ ಕೆಳಗೆ ತುರುಕಿದೆ. ಡ್ರೈಯರ್ ಹಿಡಿದಂತೆಲ್ಲ ಕೂದಲಿನ ಬಣ್ಣ ತಿಳಿಯಾಯಿತು. ಬಚ್ಚಲಿನ ಹಳದಿ ಬಲ್ಬಿನ ಕೆಳಗೆ ಬೆಣ್ಣೆ ಬಿಳಿಯಾಗಿಯೇ ಕಂಡಿತು, ಅಥವಾ ಕಂಡಿತೆಂದು ನಾನು ನನ್ನನ್ನೇ ಗದರಿಸಿ ಒಪ್ಪಿಸಿದೆ. ಅಷ್ಟರಲ್ಲಿ ಹೆಂಡತಿ ಗಡಿಬಿಡಿಯಿಂದ ಬಂದು ನಾಯಿಯನ್ನು ಎತ್ತಿಕೊಂಡಳು. ಕಿವಿ ಯಾಕೆ ಒದ್ದೆ ಎಂದು ಕೇಳಿದಳು. ನೀರು ಕುಡಿಯಿತು ಎಂದೆ. ನೀಲಿ ಅಂಗೈಗಳನ್ನು ಜೇಬಿನಲ್ಲಿಟ್ಟುಕೊಂಡು ಹೇಳಿದೆ.

ಪ್ರದರ್ಶನದ ಸಭಾಂಗಣದಲ್ಲಿ ಹಳದಿ ಬಲ್ಬು ಇರಲಿಲ್ಲ. ಚಾವಣಿಯ ತುಂಬ ಹಾಲಿನಂಥ ಬೆಳಕು. ಹಸಿರು ಕಾರ್ಪೆಟ್ಟಿನ ಮೇಲೆ ಇಪ್ಪತ್ಮೂರು ಬಿಳಿ ಪೊಮೆರೇನಿಯನ್‌ಗಳು ಸಾಲಾಗಿ ನಿಂತವು. ಸರಿಯಾಗಿ ಹೇಳಬೇಕೆಂದರೆ, ಬಿಳಿ ಇಪ್ಪತ್ತೆರಡು. ಹಗ್ಗದಾಚೆ ನಾನು ಎರಡು ಬ್ಯಾಗು, ಮಡಚುವ ಮೇಜು, ಡ್ರೈಯರ್ ಹೊತ್ತು ಬೆವರುತ್ತಿದ್ದೆ.

ತೀರ್ಪುಗಾರ್ತಿ ವಯಸ್ಸಾದ, ಗಂಭೀರ ಮುಖದ ಹೆಂಗಸು. ಬೆಣ್ಣೆಯ ಮುಂದೆ ಬಂದು ನಿಂತಳು, ಕನ್ನಡಕ ಸರಿಮಾಡಿಕೊಂಡಳು, ಬಿಳಿ ಕರವಸ್ತ್ರ ತೆಗೆದು ನಾಯಿಯ ಬೆನ್ನು ಒರೆಸಿದಳು. ಆಮೇಲೆ ಆ ಕರವಸ್ತ್ರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಹೆಂಡತಿ ಕರವಸ್ತ್ರವನ್ನು ನೋಡಲಿಲ್ಲ, ನಾಯಿಯನ್ನೂ ನೋಡಲಿಲ್ಲ. ನೇರವಾಗಿ ನನ್ನನ್ನು ನೋಡಿದಳು.

ಮಾನ ಇದ್ದವನಾದರೆ ಅಲ್ಲೇ ಭೂಮಿಗೆ ಇಳಿದುಹೋಗಬೇಕಿತ್ತು. ನನಗೆ ಬಂದದ್ದು ಸಿಟ್ಟು! ಬ್ಯಾಗುಗಳ ಸಮೇತ ಹಗ್ಗ ದಾಟಿ ಒಳಗೆ ನುಗ್ಗಿದೆ. ಉಳಿದವರೆಲ್ಲ ತಮ್ಮ ನಾಯಿಗಳಿಗೆ ಸುಣ್ಣ ಬಳಿದಿದ್ದಾರೆ, ಈ ದೇಶದ ಬೆಳಕೇ ನೀಲಿ, ಈಕೆಯ ಕರವಸ್ತ್ರ ಮೊದಲೇ ಕೊಳಕಾಗಿತ್ತು ಎಂದು ಕೈ ಬೀಸಿ ಗುಡುಗಿದೆ. ಆ ಬೀಸಿನಲ್ಲಿ ನನ್ನ ನೀಲಿ ಅಂಗೈಗಳನ್ನು ಇಡೀ ಸಭಾಂಗಣ ನೋಡಿತು.

"ಹೇಳೇ ಅವಳಿಗೆ. ಒಂದಕ್ಷರ ಬಿಡದೆ ಹೇಳು."

ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದಳು. ನನ್ನ ಹತ್ತು ವಾಕ್ಯಕ್ಕೆ ಅವಳದು ಮೂರು. ಚುಟುಕಾದ ಭಾಷೆಯಿರಬೇಕು ಎಂದುಕೊಂಡೆ. ತೀರ್ಪುಗಾರ್ತಿಯ ಗಂಟು ಮುಖ ಸಡಿಲವಾಯಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹತ್ತಿರ ಬಂದು ಹೆಗಲು ತಟ್ಟಿ, ಮಡಚಿದ ಕಾಗದವೊಂದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. ಕ್ಷಮಾಪಣೆ ಪತ್ರ! ನಾನು ಎದೆಯುಬ್ಬಿಸಿ ಹೊರಗೆ ಬಂದೆ.

"ನೋಡಿದ್ಯಾ, ಗುಡುಗಿದರೆ ಎಲ್ಲಾದರೂ ಕೆಲಸ ಆಗುತ್ತೆ," ಎಂದೆ.

"ಬಿಚ್ಚಿ ನೋಡಿ," ಎಂದಳು.

ಬಿಚ್ಚಿದೆ. ಆ ದೇಶದ ಒಂದು ನೋಟು.

"ಏನಿದು?"

"ಟಿಪ್ಸು."

ನಾಯಿಗೆ ಯಜಮಾನರೇ ಬಣ್ಣ ಹಾಕಿದರೆ ಮೂರು ವರ್ಷ ಯಾವ ಪ್ರದರ್ಶನಕ್ಕೂ ಸೇರಿಸುವುದಿಲ್ಲವಂತೆ. ಅದಕ್ಕೆ ಹೆಂಡತಿ ಹೇಳಿದ್ದು ಇಷ್ಟು: ಇವನು ಸಾಮಾನು ಹೊರಲು ಗೊತ್ತುಮಾಡಿಕೊಂಡ ಆಳು. ಬುದ್ಧಿ ಕಡಿಮೆ, ಹೇಳದೆ ಕೇಳದೆ ನಾಯಿಗೆ ಬಣ್ಣ ಹಾಕಿಬಿಟ್ಟ, ಆದರೆ ಕೆಟ್ಟವನಲ್ಲ. ಈಗ ಕೆಲಸದಿಂದ ತೆಗೆಯಬೇಡಿ ಎಂದು ಗೋಳಾಡುತ್ತಿದ್ದಾನೆ. ತೀರ್ಪುಗಾರ್ತಿಗೆ ಕರುಳು ಚುರ್ ಎಂದಿತ್ತು. ನಾಯಿಯನ್ನು ತೊಳೆದು ನಾಳೆಯ ಸ್ಪರ್ಧೆಗೆ ತನ್ನಿ ಎಂದಿದ್ದಳು.

ನಾನು ಬಾಯಿ ತೆರೆದೆ. ಅವಳು ಬೆರಳೆತ್ತಿದಳು.

"ಮೂರು ವರ್ಷ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಇದರ ಕೂದಲು ಬಾಚಿದ್ದು ನಾನು. ನಿಮ್ಮ ಷಡ್ಡಕನಿಗೆ ಉತ್ತರ ಕೊಡೋಕಲ್ಲ. ನನಗೆ ಇಷ್ಟ ಅಂತ. ನನ್ನದು ಅಂತ ಇದ್ದದ್ದು ಇದೊಂದು. ಇದಕ್ಕೂ ನಿಮ್ಮ ಸಿಟ್ಟು ಬಳಿದುಬಿಟ್ರಿ."

ಅವಳು ಕೂಗಲಿಲ್ಲ. ಆದರೆ ದನಿ ನಡುಗುತ್ತಿತ್ತು. ಅಷ್ಟು ವರ್ಷ ಗುಡುಗಿದ ನನಗೆ ನಿಜವಾದ ಸಿಟ್ಟು ಹೇಗಿರುತ್ತದೆಂದು ಆಗ ಗೊತ್ತಾಯಿತು. ಬ್ಯಾಗು ಎತ್ತಿಕೊಂಡು ಅವಳ ಹಿಂದೆ ನಡೆದೆ.

ಸಂಜೆಯವರೆಗೆ ಬೆಣ್ಣೆಗೆ ಆರು ಸ್ನಾನ. ನಾನು ಟವೆಲ್ ಹಿಂಡಿದೆ, ಹೇಳಿದಾಗ ಡ್ರೈಯರ್ ಹಿಡಿದೆ, ಕೇಳಿದಾಗ ಮಾತ್ರ ಮಾತಾಡಿದೆ. ಮರುದಿನ ಹಗ್ಗದಾಚೆ ಸಾಮಾನು ಹೊತ್ತು ತುಟಿ ಬಿಚ್ಚದೆ ನಿಂತೆ. ಬೆಣ್ಣೆಗೆ ಎರಡನೇ ಸ್ಥಾನ ಬಂತು. ಕಪ್ಪಿಲ್ಲ, ಒಂದು ಕೆಂಪು ರಿಬ್ಬನ್ನು. ಅದನ್ನು ಹಿಡಿದು ನಿಂತ ಹೆಂಡತಿಯ ಮುಖ ನೋಡಿ ನನ್ನ ಕಣ್ಣು ಯಾಕೋ ಮಂಜಾಯಿತು.

ಹೊರಡುವಾಗ ಆ ತೀರ್ಪುಗಾರ್ತಿ ಮತ್ತೆ ಎದುರಾದಳು. ನನ್ನ ಹೆಗಲು ತಟ್ಟಿ ಇನ್ನೊಂದು ನೋಟು ಕೊಟ್ಟು, ಹೆಂಡತಿಯ ಹತ್ತಿರ ಏನೋ ಹೇಳಿ ಹೋದಳು. ಏನಂತೆ ಎಂದು ಮೆಲ್ಲಗೆ ಕೇಳಿದೆ.

"ಇವತ್ತು ಎಷ್ಟು ತಣ್ಣಗೆ ಕೆಲಸ ಮಾಡಿದ, ಇವನನ್ನ ಬಿಡಬೇಡಿ, ಇಟ್ಕೊಳ್ಳಿ ಅಂದ್ರು."

"ನೀನೇನಂದೆ?"

"ಯೋಚನೆ ಮಾಡ್ತೀನಿ ಅಂದೆ."