ಹಸಿರು ಟ್ಯೂಬಿನ ಪರೀಕ್ಷೆ

ಹೊಸ ಸಾಮಾನು ಕೊಳ್ಳುವುದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ. ಅಂಗಡಿಯವನು ಕೊಡುತ್ತಾನೆ, ನಾವು ತರುತ್ತೇವೆ. ಕೆಟ್ಟರೆ ತಪ್ಪು ಅವನದು. ಹಳೆಯ ಸಾಮಾನು ಹಾಗಲ್ಲ. ಚೆನ್ನಾಗಿದ್ದರೆ ನಮ್ಮ ಕಣ್ಣೇ ಕಣ್ಣು; ಕೆಟ್ಟರೆ ಬೀದಿಯವರೆಲ್ಲ ನಮ್ಮನ್ನು ನೋಡಿ ನಗುತ್ತಾರೆ. ನಾನು ಏಳನೇ ತರಗತಿಗೆ ಓದು ನಿಲ್ಲಿಸಿದವಳು, ಹೆಮ್ಮೆ ಪಡುವ ಸಂದರ್ಭಗಳು ಕಡಿಮೆ. ಈಚೆಗೆ ಒಂದು ಸಿಕ್ಕಿದೆ. ಸ್ವಲ್ಪ ಉದ್ದವಾಗಿಯೇ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಯಜಮಾನರು ಚನ್ನಪಟ್ಟಣದಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ಕೊಡುತ್ತಿದ್ದರು. ಈಗಿನ ಅಂಗೈಯಗಲದ್ದಲ್ಲ. ಮುಂದೆ ಕೆಂಪು, ಹಸಿರು, ನೀಲಿ ಎಂದು ಮೂರು ಕಣ್ಣು; ಒಂದೊಂದು ಕಣ್ಣಿನ ಹಿಂದೆಯೂ ಹಳೆಯ ಟೀವಿಯದರಂಥ ಒಂದು ಗಾಜಿನ ಟ್ಯೂಬು; ಎತ್ತಲು ನಾಲ್ಕು ಜನ. ಕ್ರಿಕೆಟ್ ಬಂತೆಂದರೆ ಗೋಡೆಗೆ ಬಿಳಿ ಪಂಚೆ ಕಟ್ಟಿ ಅದನ್ನು ಹಚ್ಚುತ್ತಿದ್ದರು. ಬಾಡಿಗೆ ನಿಂತು ಎಷ್ಟೋ ವರ್ಷವಾದರೂ ವಾರಕ್ಕೊಮ್ಮೆ ಒರೆಸುವುದನ್ನು ಬಿಡಲಿಲ್ಲ. ನನ್ನ ಮುಖವನ್ನು ಅವರು ಅಷ್ಟು ಹತ್ತಿರದಿಂದ ನೋಡಿದ ನೆನಪಿಲ್ಲ. ಕಳೆದ ಕಾರ್ತಿಕದಲ್ಲಿ ಅವರು ಹೋದರು. ತಿಂಗಳು ತುಂಬುವುದರೊಳಗೆ ಯಂತ್ರದ ಹಸಿರು ಟ್ಯೂಬೂ ಹೋಯಿತು. ಗೋಡೆಯ ಮೇಲೆ ಬಂದವರೆಲ್ಲ ನೇರಳೆ ಬಣ್ಣದವರಾದರು.

ಮೈದುನ ಶಿವಲಿಂಗ, "ಅತ್ಗೆ, ಗುಜರಿಗೆ ಹಾಕ್ಬುಡಾಣ. ಅಣ್ಣನೇ ಇಲ್ಲ, ಇದನ್ನಿಟ್ಕಂಡು ಏನ್ಮಾಡಾದು?" ಎಂದ.

"ಒಂದು ಒಳ್ಳೆ ಹಸಿರು ಟ್ಯೂಬು ಹುಡುಕ್ತೀನಿ. ಸಿಗದಿದ್ರೆ ನೀನು ಹೇಳ್ದಂಗೇ ಆಗ್ಲಿ" ಎಂದೆ. ಹೇಳಿದ ಮೇಲೆ ಭಯವಾಯಿತು.

ಕನಕಪುರದ ಒಂದು ಮದುವೆ ಛತ್ರದಲ್ಲಿ ಅದೇ ಜಾತಿಯದೊಂದು ಮಾರಾಟಕ್ಕಿದೆಯೆಂದು ತಿಳಿದು ಇಬ್ಬರೂ ಬಸ್ಸು ಹತ್ತಿದೆವು. ಛತ್ರದ ಮಾಲೀಕರು ಶಿವಲಿಂಗನೊಡನೆ ಮಾತ್ರ ಮಾತನಾಡಿದರು. ನಾನು ಜೊತೆಗೆ ಬಂದ ಹೆಂಗಸು. ಒಂದು ಹಾಡು ಹಚ್ಚಿದರು. ಹೂದೋಟ, ಕೆಂಪು ಸೀರೆ, ಕುಣಿತ. ಶಿವಲಿಂಗ ತೊಡೆಯ ಮೇಲೆ ತಾಳ ಹಾಕತೊಡಗಿದ.

ನಾನು ಅಕ್ಕೂರಿನ ರೇಷ್ಮೆ ಮನೆಯವಳು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರಾಶಿಯ ಮೇಲಿನ ಗೂಡು ನೋಡಿ ಯಾರೂ ಬೆಲೆ ಕೂಗುವುದಿಲ್ಲ. ಮೊಣಕೈವರೆಗೆ ಕೈಯಿಳಿಸಿ ತಳದಿಂದ ತೆಗೆಯುತ್ತಾರೆ. ಪ್ರೊಜೆಕ್ಟರಿನ ಹಾಡೂ ಮೇಲಿನ ಗೂಡೇ. ಬಣ್ಣ ಓಡಾಡುತ್ತಿದ್ದರೆ ಟ್ಯೂಬಿನ ಸವೆತ ಕಾಣುವುದಿಲ್ಲ. ಯಜಮಾನರು ಹಳೆಯ ಯಂತ್ರ ನೋಡಲು ಹೋದಲ್ಲೆಲ್ಲ ಬ್ಯಾಟರಿ ದೀಪ ಹಿಡಿದು ನಿಂತವಳು ನಾನು. ಅಷ್ಟಾದರೂ ಕಲಿತಿರುವುದಿಲ್ಲವೇ?

"ಹಾಡು ಸಾಕು ಸ್ವಾಮಿ, ಒಸಿ ಆರ್ಸಿ" ಎಂದು ಚೀಲದಿಂದ ಬ್ಯಾಟರಿ ತೆಗೆದೆ. ಮೂರು ಕಣ್ಣಿಗೂ ಆಯುಧಪೂಜೆಯ ವಿಭೂತಿ ಬಳಿದಿತ್ತು. ನಡುವಿನ ಹಸಿರು ಕಣ್ಣಿಗೆ ಪೂರಿಯಗಲದ ಕುಂಕುಮ ಬೇರೆ. ಸೆರಗಿನಿಂದ ಒರೆಸಲು ಹೋದೆ.

"ಅಳಸ್ಬ್ಯಾಡಿ ತಾಯಿ, ಪೂಜೆ ಮಾಡಿರಾದು. ಕುಂಕುಮ ಅಳ್ಸಿದ್ರೆ..." ಎಂದವರು ನನ್ನ ಹಣೆ ನೋಡಿ ಮಾತು ನುಂಗಿಕೊಂಡರು.

"ನಂದೇ ಅಳ್ಸಿ ಆಗೈತೆ, ಇದರದ್ದೇನು ಬುಡಿ" ಎಂದು ಒರೆಸಿಬಿಟ್ಟೆ. ಆಮೇಲೆ ಅವರು ತಡೆಯಲಿಲ್ಲ. ವಿಧವೆಯಾದ ಮೇಲೆ ನನಗೆ ಸಿಕ್ಕಿದ ಅನುಕೂಲ ಇದೊಂದೇ.

ಬ್ಯಾಟರಿಯನ್ನು ಓರೆಯಾಗಿ ಹಿಡಿದು ಒಳಗೆ ಇಣುಕಿದೆ. ಟ್ಯೂಬಿನ ಗಾಜು ಅಂಚಿನಲ್ಲಿ ಬೆಳ್ಳಗಿತ್ತು, ನಡುವೆ ತಳ ಹಿಡಿದ ಪಾಯಸದ ಹಾಗೆ ಕಂದಿತ್ತು. ಆ ಕಂದಿನೊಳಗೆ ತಲೆಕೆಳಗಾಗಿ ಏನೋ ಅಕ್ಷರ. "ಈಗ ಹಸ್ರೊಂದನ್ನೇ ಹಚ್ಚಿ. ಚಿತ್ರ ಬ್ಯಾಡ, ಬರೀ ಬಯಲು" ಎಂದೆ. ಪರದೆ ಹಸಿರಾಯಿತು. ಅದರ ನಡುವೆ ಮಸುಕಾಗಿ, ನೆಟ್ಟಗೆ ಮೂಡಿತು: ಸುಸ್ವಾಗತ. ಪ್ರತಿ ಮದುವೆಯಲ್ಲೂ ಮುಹೂರ್ತದಿಂದ ಕೊನೆಯ ಪಂಕ್ತಿಯವರೆಗೆ ಅದೊಂದನ್ನೇ ಹಚ್ಚಿಟ್ಟು, ಗಾಜಿಗೆ ಹಚ್ಚೆ ಹಾಕಿದಂತಾಗಿತ್ತು.

"ಮಂಗಳದ ಅಕ್ಷರ ಕಣವ್ವ. ಇದ್ರೆ ಒಳ್ಳೇದೇ" ಎಂದರು ಮಾಲೀಕರು.

"ಹೆಣ ಎತ್ತೋ ಸೀನ್ನಾಗೂ ಸುಸ್ವಾಗತ ಅಂದ್ರೆ ಚೆಂದವಾ?" ಎಂದೆ. ಶಿವಲಿಂಗ ನಗು ತಡೆಯಲಾರದೆ ಆಚೆಗೆ ಹೋದ.

ಏಳುವಾಗ ನೋಡಿದೆ, ಯಂತ್ರ ಕೂತಿದ್ದು ಮೇಜಿನ ಮೇಲಲ್ಲ, ಜಮಖಾನ ಹೊದಿಸಿದ ಇನ್ನೊಂದು ಪೆಟ್ಟಿಗೆಯ ಮೇಲೆ. "ಇದರಡಿ ಇರಾದು ಏನು?"

"ಅದೂ ಅಂಥದ್ದೇ. ಕೆಟ್ರೆ ಇರ್ಲಿ ಅಂತ ತಂದದ್ದು, ಹಚ್ಚಿದ್ದೇ ಕಮ್ಮಿ. ಇಲಿ ತಂತಿಯೆಲ್ಲ ತಿಂದ್ಬುಟ್ಟವೆ."

ಇಲಿ ಗಾಜು ತಿನ್ನುವುದಿಲ್ಲ. ಹಚ್ಚಿ ನೋಡುವ ಹಾಗಿರಲಿಲ್ಲ. ಬ್ಯಾಟರಿಯನ್ನೂ ನನ್ನ ಕಣ್ಣನ್ನೂ ನಂಬಬೇಕು. ಜಮಖಾನ ಸರಿಸಿ ಹಸಿರು ಕಣ್ಣಿನೊಳಗೆ ಎಡದಿಂದ ನೋಡಿದೆ, ಬಲದಿಂದ ನೋಡಿದೆ. ಅಂಚು ಯಾವ ಬಣ್ಣವೋ ನಡುವೂ ಅದೇ ಬಣ್ಣ. "ಈ ಹಸ್ರು ಟ್ಯೂಬು ಸಾಕು" ಎಂದೆ. ದುಡ್ಡು ಕೊಟ್ಟು ಅದೊಂದನ್ನೇ ಬಿಚ್ಚಿಸಿಕೊಂಡು, ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಶಿವಲಿಂಗ ಪಕ್ಕದವರಿಗೆಲ್ಲ, "ನಮ್ಮತ್ಗೆ ಕಣ್ಣು ಅಂದ್ರೆ ಸುಮ್ಕೆ ಅಲ್ಲ" ಎಂದು ಹೇಳುತ್ತಲೇ ಬಂದ. ನಾನು ಕಿಟಕಿಯಾಚೆ ನೋಡುತ್ತ ಕೇಳದವಳಂತೆ ಎಲ್ಲವನ್ನೂ ಕೇಳಿಸಿಕೊಂಡೆ.

ಮೆಕ್ಯಾನಿಕ್ಕು ಬಂದು ಜೋಡಿಸಿದ. ಟ್ಯೂಬು ಹತ್ತಿಕೊಂಡಿತು. ನೇರಳೆ ಜನರ ಮುಖಕ್ಕೆಲ್ಲ ಮನುಷ್ಯರ ಬಣ್ಣ ಬಂತು. ನನಗೆ ಆ ಗೋಡೆಯೆದುರು ಸಾಷ್ಟಾಂಗ ಬೀಳೋಣವೆನಿಸಿತು. ಶಿವಲಿಂಗನಿಗೆ ಹೊಸ ವಿದ್ಯೆಯ ಹುರುಪು. "ತಡೀರಿ ಅತ್ಗೆ, ಬರೀ ಬಿಳಿ ಹಚ್ಚಿ ನೋಡಾಣ" ಎಂದ.

ಗೋಡೆ ಬೆಳ್ಳಗಾಯಿತು. ಕೆಳಗಿನ ಮೂಲೆಯಲ್ಲಿ ಮಾತ್ರ ಒಂದು ಉದ್ದನೆಯ ಹಸಿರು ಪಟ್ಟಿ ಉಳಿಯಿತು. ಕ್ರಿಕೆಟ್ ಸ್ಕೋರು ಕೂರುತ್ತಿದ್ದ ಜಾಗ. ಅಷ್ಟು ವರ್ಷದ ಆಟಗಳಲ್ಲಿ ನಮ್ಮ ಮೂರು ಟ್ಯೂಬೂ ಅಲ್ಲಿ ಒಂದೇ ಸಮನೆ ಸವೆದಿದ್ದವು. ಆದ್ದರಿಂದ ಒಂದರ ಮಾನ ಇನ್ನೊಂದು ಕಾಯುತ್ತಿತ್ತು. ಹೊಸ ಹಸಿರು ಬಂದು ಕೆಂಪು, ನೀಲಿಯ ಗುಟ್ಟು ಹೊರಗೆಡವಿತು. ಊರವರ ಯಂತ್ರಗಳಿಗೆಲ್ಲ ಬ್ಯಾಟರಿ ಬಿಟ್ಟವಳು ನಮ್ಮದಕ್ಕೆ ಒಮ್ಮೆಯೂ ಬಿಟ್ಟಿರಲಿಲ್ಲ.

"ನಮ್ದೂ ಸವ್ದೈತಲ್ಲ ಅತ್ಗೆ" ಎಂದ ಶಿವಲಿಂಗ, ಮೆಲ್ಲಗೆ.

ನಾನು ಹೇಳಿದೆ: "ಬಿಳಿ ಗೋಡೆ ಯಾರಪ್ಪ ನೋಡ್ತಾರೆ? ಒಂದು ಹಾಡು ಹಾಕು."