ಪಾಳೇಗಾರನ ಗೃಹಪ್ರವೇಶ

ನನ್ನ ಹೆಂಡತಿಯ ಅಕ್ಕ ಕೊಟ್ರಮ್ಮ ಮೊಳಕಾಲ್ಮೂರಿನಿಂದ ತಳಕಿನ ನಮ್ಮ ಮನೆಗೆ ಬಂದದ್ದು ಎಂಟು ದಿನದ ಮಟ್ಟಿಗೆ. ಯಾವ ಎಂಟು ದಿನ ಎಂದು ಆಕೆ ಹೇಳಲಿಲ್ಲ, ನಾವು ಕೇಳಲಿಲ್ಲ. ಹೋದ ವರ್ಷದ ಯುಗಾದಿಯ ಬೇವು ತಿಂದವಳು ಈ ವರ್ಷದ ಯುಗಾದಿಯ ಬೆಲ್ಲವನ್ನೂ ನಮ್ಮಲ್ಲೇ ತಿಂದಳು. ತನ್ನ ಸೊಸೆ ತ್ರಿವೇಣಿಯ ಜೊತೆ ಮಾತಿಗೆ ಮಾತು ಬೆಳೆದು, ಅವಳೇ ಬಂದು ಕೈ ಹಿಡಿದು ಕರೆಯುವವರೆಗೂ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಶಪಥ ಮಾಡಿ ಹೊರಟಿದ್ದಳಂತೆ. ಕೊಟ್ರಮ್ಮನ ಗಂಡ ಅಲ್ಲಿ ರೇಷ್ಮೆ ಸೀರೆಯ ಅಂಗಡಿ ಇಟ್ಟಿರುವ ಸಾಧು ಮನುಷ್ಯ. ಅವನು ಒಂದು ಸಲವೂ ಬಂದು ಕರೆಯಲಿಲ್ಲ. (ನಮ್ಮ ಎರಡೂ ಮನೆತನಗಳಲ್ಲಿ ಬುದ್ಧಿವಂತ ಯಾರೆಂದು ಯಾರಾದರೂ ಕೇಳಿದರೆ ನಾನು ಅವನ ಹೆಸರನ್ನೇ ಹೇಳುತ್ತೇನೆ.)

ನಾನು, ಶಿವಮೂರ್ತಪ್ಪ, ಚಳ್ಳಕೆರೆಯಲ್ಲಿ ಶೇಂಗಾ ಮಂಡಿ ನಡೆಸಿ ಹೈರಾಣಾಗಿ, ವ್ಯವಹಾರವನ್ನು ಅಲ್ಲೇ ಮನೆ ಮಾಡಿರುವ ಮಗನಿಗೆ ಒಪ್ಪಿಸಿ, ಇನ್ನು ಮೇಲೆ ಪಡಸಾಲೆಯ ಆರಾಮ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂರುವುದೊಂದೇ ಉದ್ಯೋಗ ಎಂದು ತೀರ್ಮಾನಿಸಿದವನು. ಫ್ಯಾನಿನ ಗಾಳಿ ನೆತ್ತಿಯ ಮೇಲೇ ಬೀಳುವ ಹಾಗೆ ಆ ಕುರ್ಚಿಯ ಜಾಗ ಗೊತ್ತುಮಾಡಲು ನನಗೆ ಒಂದು ಇಡೀ ಬೇಸಿಗೆ ಹಿಡಿದಿತ್ತು. ಕೊಟ್ರಮ್ಮ ಬಂದ ದಿನ, ಸುಸ್ತಾಗಿದೆ ಎಂದು ಅದರಲ್ಲಿ ಕೂತಳು. ಆಮೇಲೆ ಕುರ್ಚಿ ಅವಳ ಆಕಾರಕ್ಕೆ ತಿರುಗಿತು. ಸಂಜೆಯ ಮಂಡಕ್ಕಿ ಮೆಣಸಿನಕಾಯಿಗೆ, ಮೂರ್ತಪ್ನೋರ ಹೊಟ್ಟೆಗೆ ಆಗಿಬರಲ್ಲ ಎಂಬ ಕಾರಣದ ಮೇಲೆ, ನಿಷೇಧ ಬಿತ್ತು.

ಇವೆಲ್ಲಕ್ಕಿಂತ ಹಿಂಸೆಯೆಂದರೆ ಅವಳ ಶಕುನ. ಹೊರಡುವಾಗ ಒಂಟಿ ಸೀನು ಸೀನಿದರೆ ವಾಪಸ್ಸು ಬಂದು ಕೂತು, ನೀರು ಕುಡಿದು ಹೊರಡಬೇಕು. ಶೇಂಗಾ ಧೂಳು ಕುಡಿದು ಬೆಳೆದ ಮೂಗು ನನ್ನದು, ಅದಕ್ಕೆ ಜೋಡಿ ಸೀನು ಗೊತ್ತೇ ಇಲ್ಲ. ನಾನು ಹೊಸ್ತಿಲಲ್ಲಿ ಸೀನುತ್ತ, ನೀರು ಕುಡಿಯುತ್ತ ಕೂತ ಹೊತ್ತಿನಲ್ಲಿ ಚಳ್ಳಕೆರೆ ಬಸ್ಸು ಹೋಗಿ, ತಿರುಗಿ ಬಂದು, ಡ್ರೈವರು ಇಳಿದು ಬಂದು ನನ್ನ ಆರೋಗ್ಯ ವಿಚಾರಿಸಿಕೊಂಡು ಹೋದದ್ದುಂಟು. ಹೆಂಡತಿ ಜಗದಾಂಬನ ಹತ್ತಿರ ದೂರು ಹೇಳಿದರೆ, ಒಡಹುಟ್ಟಿದ ಅಕ್ಕನನ್ನು ಹೋಗು ಅನ್ನಲೇ ಎಂದು ಕಣ್ಣಿಗೆ ಸೆರಗು ಹಚ್ಚುತ್ತಿದ್ದಳು. ಸೆರಗು ಹಚ್ಚಿದ ಮೇಲೆ ನ್ಯಾಯ ಯಾವತ್ತೂ ನನ್ನ ಕಡೆ ಆಗಿದ್ದಿಲ್ಲ.

ದಾರಿ ತೋರಿಸಿದವಳು ಕೊಟ್ರಮ್ಮನೇ. ಒಂದು ಸಂಜೆ ಬಿ.ಜಿ. ಕೆರೆಯ ಅವರ ಸೋದರಮಾವನ ಕಥೆ ತೆಗೆದಳು. ಆ ಮನೆಗೆ ಒಂದು ದಿನ ಉಡ ಹೊಕ್ಕಿತಂತೆ. ಉಡ ಹೊಕ್ಕ ಮನೆಯಲ್ಲಿ ಇರಬಾರದಲ್ಲ, ಇದ್ದಬದ್ದವರೆಲ್ಲ ಉಟ್ಟ ಬಟ್ಟೆಯಲ್ಲಿ ಹೊರಬಿದ್ದು, ಬೀಗ ಜಡಿದು, ಮೂರು ಅಮಾವಾಸ್ಯೆ ಕಳೆಯುವವರೆಗೆ ಕಣದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಮನೆಯಲ್ಲಿದ್ದ ನೆಂಟರು ಏನಾದರು ಎಂದು ಕೇಳಿದೆ. ‘ನೆಂಟ್ರು ಅವತ್ತೇ ಅವರವರ ಊರಿಗೆ ಹೋದ್ರು, ಮತ್ತೇನು ಮಾಡ್ತಾರೆ’ ಅಂದಳು.

ಆ ರಾತ್ರಿ ನನಗೆ ಖುಷಿಯಲ್ಲಿ ನಿದ್ದೆ ಬಂತು. (ಚಿಂತೆಯಲ್ಲಿ ಬರುವ ನಿದ್ದೆ ಬೇರೆ, ಅದು ಮಂಡಿಯ ಕಾಲದ್ದು.) ಲೆಕ್ಕ ಸರಳ. ಉಡ ಒಳಗೆ ಬರಬೇಕು, ಕೊಟ್ರಮ್ಮ ಮೊಳಕಾಲ್ಮೂರು ಬಸ್ಸು ಹತ್ತಬೇಕು, ನಾನೂ ಜಗದಾಂಬನೂ ಹೊಲದ ಪಂಪಿನ ಶೆಡ್ಡಿನಲ್ಲಿ ಎರಡು ದಿನ ತಂಗಿ, ಯಾರಿಂದಲಾದರೂ ಒಂದು ಶಾಂತಿ ಮಾಡಿಸಿ ಮನೆ ಸೇರಬೇಕು. ಕುರ್ಚಿ, ಫ್ಯಾನು, ಮಂಡಕ್ಕಿ, ಎಲ್ಲ ಯಥಾಸ್ಥಿತಿ.

ದೇವರೂ ನನ್ನ ಪಕ್ಷಕ್ಕೇ ಸೇರಿದ. ಮುಂಗಾರಿನ ಮೊದಲ ಹದ ಮಳೆಗೆ ಶೆಡ್ಡಿನ ಪಕ್ಕದ ಹುತ್ತ ಮೆತ್ತಗಾಗಿ, ಅದರೊಳಗಿಂದ ಒಂದು ಉಡದ ಮರಿ ಎದ್ದು ಬಂದು, ಪೈಪು ಸೋರುವ ಕಡೆ ನಾಲಗೆ ಚಾಚಿ ನೀರು ನೆಕ್ಕುತ್ತಿತ್ತು. ನನ್ನ ಗೇಣಿಗಿಂತ ಚೂರು ದೊಡ್ಡದು. ಇದನ್ನೇ ಒಯ್ದು ಒಳಗೆ ಬಿಡಬಹುದಿತ್ತು. ಆದರೆ ಈ ಗಾತ್ರದ್ದನ್ನು ಜಗದಾಂಬ ಹಲ್ಲಿ ಎಂದುಕೊಂಡು ಪೊರಕೆಯಲ್ಲಿ ಗುಡಿಸಿ ಎಸೆಯುತ್ತಾಳೆ. ಶಕುನಕ್ಕೂ ಒಂದು ತೂಕ ಬೇಕು. ಬೆಳೆಸಬೇಕು ಎಂದು ನಿಶ್ಚಯಿಸಿದೆ. ದುರ್ಗದ ಸೀಮೆಯಲ್ಲಿ ಕೋಟೆ ಹತ್ತುವವರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಬಿಡುತ್ತಿದ್ದರಂತೆ, ಅದು ಹಿಡಿದ ಪಟ್ಟು ಬಿಡುವುದಿಲ್ಲವಂತೆ. ಆ ಗೌರವಕ್ಕೆ ತಕ್ಕ ಹಾಗೆ ಪಾಳೇಗಾರ ಎಂದು ಹೆಸರಿಟ್ಟೆ.

ಮೊದಲ ತೊಡಕು ಊಟದ್ದು. ನಮ್ಮದು ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಮನೆತನ. ಸಾಕುವವನ ಆಚಾರ ಸಾಕಿಸಿಕೊಂಡವನಿಗೂ ಬರಬೇಕೆಂದು ರಾಗಿಮುದ್ದೆ ಇಟ್ಟೆ, ನೆನೆಸಿದ ಹೆಸರುಬೇಳೆ ಇಟ್ಟೆ, ಮೊಸರನ್ನ ಕಲಸಿ ಒಗ್ಗರಣೆ ಕೊಟ್ಟು ಇಟ್ಟೆ. ಪಾಳೇಗಾರ ಎರಡು ಸೀಳಿನ ನಾಲಗೆಯಿಂದ ಮೊಸರನ್ನವನ್ನು ಪರೀಕ್ಷಿಸಿ, ಅದರ ಮೇಲೆಯೇ ಕಾಲಿಟ್ಟು ನಡೆದು ಹೋದ. ಮಿಡತೆ ಹಿಡಿದು ಕೊಡೋಣವೆಂದರೆ, ನಾನು ಬಗ್ಗಿ ಏಳುವಷ್ಟರಲ್ಲಿ ಆ ಮಿಡತೆಗೆ ಮೊಮ್ಮಕ್ಕಳಾಗಿರುತ್ತಿದ್ದವು. ಕೊನೆಗೆ ಪಕ್ಕದ ಹೊಲದಲ್ಲಿ ಕೋಳಿ ಸಾಕಿದ್ದ ನಿಂಗಕ್ಕನ ಹತ್ತಿರ ಹೋಗಿ, ದನಿ ತಗ್ಗಿಸಿ, ಒಂದು ಮೊಟ್ಟೆ ಕೇಳಿದೆ.

ನಿಂಗಕ್ಕ ಮೊರ ಕೆಳಗಿಟ್ಟಳು. ‘ಸಾವ್ಕಾರ್ರೆ, ನಿಮ್ಮ ಮನ್ಯಾಗೆ ಸೋಮವಾರ ಈರುಳ್ಳಿಗೂ ರಜ. ಮೊಟ್ಟೆ ಯಾರಿಗೆ?’

‘ಔಷಧಿಗೆ. ಮಂಡಿನೋವು.’

‘ಒಳೀಕೋ, ಮೇಲೀಕೋ?’

‘ಮೇಲೀಕೆ’ ಅಂದೆ.

ಸಂಜೆಗೆ ಊರಿಗೆಲ್ಲ ಗೊತ್ತಾಯಿತು. ವಾರದೊಳಗೆ ತಳಕಿನ ಮಂಡಿನೋವಿನವರೆಲ್ಲ ಮೊಟ್ಟೆ ಬಳಿದುಕೊಂಡು ಜಗಲಿಯ ಮೇಲೆ ಬಿಸಿಲಿಗೆ ಕೂತರು. ಕೆಲವರಿಗೆ ವಾಸಿಯೂ ಆಯಿತು. ಒಬ್ಬಾತ ಊರುಗೋಲು ಎಸೆದು ಓಡಿದ್ದನ್ನು ನಾನೇ ನೋಡಿದೆ. (ಹಿಂದೆ ನಾಯಿ ಇತ್ತು, ಅದು ಬೇರೆ ಮಾತು. ನಾಯಿ ಮೊಟ್ಟೆಯ ವಾಸನೆಗೇ ಬಂದದ್ದು.)

ಮನೆಯಲ್ಲಿ ಮಾತ್ರ ನನ್ನ ಮಾನ ಹೋಯಿತು. ಅಂಗಿ ಒಗೆಯುವಾಗ ಜಗದಾಂಬನಿಗೆ ಜೇಬಿನಲ್ಲಿ ಮೊಟ್ಟೆಯ ಚಿಪ್ಪು ಸಿಕ್ಕಿತು. ಸುಣ್ಣದ ಚೂರು ಎಂದೆ.

‘ಸುಣ್ಣ ಇಂಗೆ ಗಬ್ಬು ನಾರ್ತೈತೇನ್ರಿ? ಈ ವಯಸ್ಸಿನಾಗೆ, ಕದ್ದು?’

ಕುರ್ಚಿಯಿಂದ ಕೊಟ್ರಮ್ಮನ ದನಿ ಬಂತು. ‘ಬೈಬ್ಯಾಡ ಕಣೇ ಜಗದ. ಹಲ್ಲು ಬಿದ್ದ ಮೇಲೆ ನಾಲಿಗೆಗೆ ಬೇಲಿ ಇರಲ್ಲ.’

ಅಂದಿನಿಂದ ನನಗೆ ದೇವರ ಕೋಣೆ ಬಂದ್. ಹೊಲದಿಂದ ಬಂದರೆ ತಣ್ಣೀರ ಸ್ನಾನ, ಆಮೇಲೆ ತಟ್ಟೆ. ಒಂದು ಮಾತು ಬಾಯಿ ಬಿಟ್ಟಿದ್ದರೆ ಕಳಂಕ ತೊಳೆದುಹೋಗುತ್ತಿತ್ತು. ಬಿಡಲಿಲ್ಲ. ದೊಡ್ಡ ಕಾರ್ಯ ಹಿಡಿದವರು ಸಣ್ಣ ಅಪವಾದಕ್ಕೆ ಅಂಜುವುದಿಲ್ಲ.

ಪಾಳೇಗಾರ ಮಾತ್ರ ಬೆಳೆದ. ಏನು ಬೆಳೆದ ಎನ್ನುತ್ತೀರಿ! ಬೆಳಿಗ್ಗೆ ಶೆಡ್ಡಿನ ಮುಂದಿನ ಚಪ್ಪಡಿಯ ಮೇಲೆ ಬಿಸಿಲು ಕಾಯಿಸುತ್ತಿದ್ದೆ, ಮಧ್ಯಾಹ್ನ ನೀರಿನ ತೊಟ್ಟಿಗೆ ಬಿಡುತ್ತಿದ್ದೆ, ಸಂಜೆ ಮೊಟ್ಟೆ. ಶೆಡ್ಡಿನ ಇಲಿಗಳು ಗುಳೆ ಹೊರಟವು. ಚಳಿಗಾಲದಲ್ಲಿ ಊಟ ಬಿಟ್ಟು ಕಟ್ಟಿಗೆಯ ಹಾಗೆ ಬಿದ್ದುಕೊಂಡಾಗ ನನಗೂ ತುತ್ತು ಇಳಿಯಲಿಲ್ಲ. ಚಳ್ಳಕೆರೆಗೆ ಹೋಗಿ ಒಳ್ಳೆಯ ಕುರಿ ಕಂಬಳಿ ತಂದು ಹೊದಿಸಿದೆ. (ನನ್ನ ಕಂಬಳಿಯಲ್ಲಿ ತೂತಿತ್ತು, ಅದು ನೆನಪಾದದ್ದು ಆಮೇಲೆ.) ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದದ್ದೇ, ಪಾಳೇಗಾರ ಕಂಬಳಿಯಿಂದ ಎದ್ದು ಬಂದ. ಮಿರಮಿರ ಮಿಂಚುವ ಚರ್ಮ, ಬುಡದಲ್ಲಿ ದಪ್ಪಗೆ ತುಂಬಿಕೊಂಡ ಬಾಲ, ಉಗುರುಗಳೋ ಕುಡುಗೋಲು. ನಮ್ಮ ಮನೆಯಲ್ಲಿ ಅಷ್ಟು ಲಕ್ಷಣವಾಗಿ ಬೆಳೆದದ್ದು ಇನ್ನೊಂದಿಲ್ಲ. ಮಗನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಒಂದು ದಿನ ಅರಣ್ಯ ಇಲಾಖೆಯ ವಾಚರ್ ಮಹಾಂತೇಶ ನೀರು ಕುಡಿಯಲು ಶೆಡ್ಡಿಗೆ ಬಂದ. ಮಾತಿನ ನಡುವೆ, ಉಡ ಹಿಡಿದರೂ ಸಾಕಿದರೂ ಜೈಲು ಎಂದ. ಪಾಳೇಗಾರ ಅವನ ತಲೆಯ ಮೇಲಿನ ತೊಲೆಗೇ ಕವುಚಿ ಮಲಗಿದ್ದ. ಎಂಥ ಪಾಪಿಗಳಪ್ಪ ಸಾಕುವವರು ಎಂದು ನಾನು ಗಲ್ಲ ಬಡಿದುಕೊಂಡೆ. ಇನ್ನು ತಡ ಮಾಡಬಾರದೆಂದು ಅವತ್ತೇ ತಾಲೀಮು ಶುರುಮಾಡಿದೆ. ಇಟ್ಟಿಗೆಯಲ್ಲಿ ಒಂದು ಹೊಸ್ತಿಲು ಕಟ್ಟಿ, ಆಚೆ ಮೊಟ್ಟೆ ಇಟ್ಟು, ಗೋಣಿಚೀಲದಿಂದ ಬಿಡುವುದು. ಪಾಳೇಗಾರ ಒಂದು ಸಲವೂ ತಪ್ಪಲಿಲ್ಲ. ಮದುವಣಗಿತ್ತಿಯ ಹಾಗೆ ಬಲಗಾಲಿಟ್ಟೇ ಒಳಗೆ ಹೋಗುತ್ತಿದ್ದ.

ಬೇಸಿಗೆ ನೆತ್ತಿಗೇರಿದ್ದ ಒಂದು ಬೆಳಿಗ್ಗೆ ಮುಹೂರ್ತ ಇಟ್ಟೆ. ಪಾಳೇಗಾರನನ್ನು ಚೀಲದಲ್ಲಿ ಹಾಕಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲ ಹಾದಿಯಿಂದ ಬಂದು, ಮುಂಬಾಗಿಲ ಹೊಸ್ತಿಲ ಮುಂದೆ ಕೂತೆ. ನಡುದಾರಿಯಲ್ಲಿ ಬಡಿದುಕೊಳ್ಳದಿರಲೆಂದು ಫೋನನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಚೀಲದ ಬಾಯಿ ಬಿಚ್ಚಿದೆ. ಪಾಳೇಗಾರ ತಲೆ ಹೊರಗೆ ಹಾಕಿದ. ನಾಲಗೆ ಚಾಚಿ ಮನೆಯ ಗಾಳಿ ನೋಡಿದ. ಬಲಗಾಲು ಎತ್ತಿದ.

ಆಗ ಒಳಗೆ ಕುಕ್ಕರ್ ಕೂಗಿತು.

ಶೆಡ್ಡಿನ ತಾಲೀಮಿನಲ್ಲಿ ಕುಕ್ಕರ್ ಇರಲಿಲ್ಲ. ಹೆದರಿದ ಉಡ ಹತ್ತಿರದ ಎತ್ತರಕ್ಕೆ ಏರುತ್ತದೆ, ಹತ್ತಿರದ ಎತ್ತರ ನಾನು. ಪಂಚೆಯ ಮೇಲಿಂದ ಸೊಂಟ, ಸೊಂಟದಿಂದ ಅಂಗಿಯೊಳಗೆ ಬೆನ್ನು. ಅಲ್ಲಿ ನಾಲ್ಕೂ ಕಾಲಿನ ಉಗುರು ನಾಟಿಸಿ, ನನ್ನ ಕಾಲರಿನಿಂದ ತಲೆ ಹೊರಗೆ ಹಾಕಿ, ಕಿವಿಯ ಪಕ್ಕ ಬುಸ್ ಎಂದ. ಕೋಟೆಗಳು ಯಾಕೆ ಬೀಳುತ್ತಿದ್ದವು ಎಂಬುದು ನನಗೆ ಆಗ ಪೂರ್ತಿ ತಿಳಿಯಿತು. ಶಿವನೇ ಎಂದು ಕೂಗಿಕೊಂಡು ಹೊಸ್ತಿಲು ಹಾರಿ ಪಡಸಾಲೆಯ ನಡುವೆ ಬಿದ್ದೆ.

ಬಿದ್ದು ನೋಡುತ್ತೇನೆ, ಕೊಟ್ರಮ್ಮ ಇಳಕಲ್ ಸೀರೆ ಉಟ್ಟು ನಿಂತಿದ್ದಾಳೆ. ಜಗದಾಂಬ ಅವಳಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಮಡಿಲು ತುಂಬುತ್ತಿದ್ದಾಳೆ. ಪಕ್ಕದಲ್ಲಿ ಅತ್ತೆಯ ಬ್ಯಾಗು ಹಿಡಿದುಕೊಂಡು ಸೊಸೆ ತ್ರಿವೇಣಿ. ಬೆಳಿಗ್ಗೆಯೇ ಕಾರು ತಂದು, ಬೀದಿಯ ತುದಿಯಲ್ಲಿ ನಿಲ್ಲಿಸಿ, ಕೈ ಹಿಡಿದು, ಮನೆಗೆ ಬರ್ರಿ ಅತ್ತೆ ಎಂದು ಕರೆದಳಂತೆ. ಕುಕ್ಕರಿನಲ್ಲಿ ಕೂಗಿದ್ದು ಕೊಟ್ರಮ್ಮನನ್ನು ಬೀಳ್ಕೊಡುವ ಹುಗ್ಗಿ. ಇನ್ನೊಂದು ಗಳಿಗೆ ನಾನು ಶೆಡ್ಡಿನಲ್ಲೇ ಕೂತಿದ್ದರೆ ಸಾಕಿತ್ತು.

ಜಗದಾಂಬನ ಕೈಯಿಂದ ಅಕ್ಕಿ ಚೆಲ್ಲಿತು. ‘ಅಕ್ಕಾ, ಮನೆಗೆ ಉಡ ಹೊಕ್ತಲ್ಲೇ. ಬೀಗ ಹಾಕಾನಾ?’

ಕೊಟ್ರಮ್ಮ ಗಾಬರಿಯಾಗಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತಳು. ಶಕುನದ ಸುಪ್ರೀಂ ಕೋರ್ಟು ನಿಂತು ತೀರ್ಪು ಕೊಡುವುದಿಲ್ಲ.

‘ಮನೆಗೆ ಎಲ್ಲಿ ಹೊಕ್ಕೈತೆ? ಅದರ ಕಾಲು ನೆಲಕ್ಕೆ ಊರೈತೇನು ನೋಡು. ಇಲ್ಲ. ಮೂರ್ತಪ್ನೋರ ಮೈಮ್ಯಾಲೆ ಐತೆ. ಮನೆಗೇನೂ ದೋಷ ಇಲ್ಲ ಕಣೇ. ದೋಷ ಅವ್ರಿಗೆ. ಮೂರು ಅಮಾಸೆ ಅವ್ರು ಈ ಹೊಸ್ತಿಲು ತುಳಿಯೋ ಹಂಗಿಲ್ಲ.’

‘ಅಕ್ಕಾರೆ, ಇದು ಶಕುನ ಅಲ್ಲ’ ಎಂದೆ ನೋವಿನಲ್ಲೇ.

‘ಮತ್ತೇನ್ರಿ?’ ಎಂದಳು ಜಗದಾಂಬ.

ನಾನೇ ಸಾಕಿದ್ದು ಎನ್ನಬೇಕು. ಎಂದರೆ, ಯಾಕೆ ಸಾಕಿದಿರಿ ಎನ್ನುತ್ತಾಳೆ. ಇಲ್ಲಿಗೆ ಯಾಕೆ ತಂದಿರಿ ಎನ್ನುತ್ತಾಳೆ. ಅದಕ್ಕೆ ಉತ್ತರ ಆ ಕುರ್ಚಿಯಲ್ಲಿ ಕೂತು ನನ್ನನ್ನೇ ಕನಿಕರದಿಂದ ನೋಡುತ್ತಿತ್ತು. 

ನನ್ನನ್ನು ಅಂಗಳದ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಲ್ಲಿಸಿದರು. ಪಾಳೇಗಾರ ಯೋಚನೆ ಮಾಡಿ, ಮರ ನನಗಿಂತ ಎತ್ತರ ಎಂದು ಖಾತ್ರಿಯಾದ ಮೇಲೆ ಅತ್ತ ದಾಟಿದ. ಅಷ್ಟರಲ್ಲಿ ತ್ರಿವೇಣಿ ಫೋನು ಮಾಡಿ ಇಲಾಖೆಯವರನ್ನು ಕರೆಸಿದ್ದಳು. ಬಂದವನು ಅದೇ ಮಹಾಂತೇಶ. ಪಾಳೇಗಾರನನ್ನು ಹಿಡಿದು, ತಿರುವಿ, ಬಾಲ ಅಮುಕಿ, ಹಲ್ಲು ನೋಡಿ, ಬೆರಗಾದ.

‘ಸಾವ್ಕಾರ್ರೆ, ಇಂಥ ಮರಿ ನಾನು ಕಾಡಿನಾಗೆ ನೋಡಿಲ್ಲ. ಯಾರೋ ಮಗಿನಂಗೆ ಸಾಕ್ಯಾರೆ. ಒಂದು ಗಾಯ ಇಲ್ಲ, ಒಂದು ಉಣ್ಣೆಹುಳ ಇಲ್ಲ. ಆ ಪುಣ್ಯಾತ್ಮ ಯಾರು ಅಂತ ಗೊತ್ತಾಗ್ಲಿ, ಇವತ್ತೇ ಒಳೀಕೆ ಹಾಕ್ತೀನಿ.’

ಇಡೀ ಜನ್ಮದಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ. ಎದ್ದು ನಿಂತು ಪಡೆದುಕೊಳ್ಳುವ ಹಾಗಿರಲಿಲ್ಲ. ಸಿದ್ದಾಪುರದ ಗುಡ್ಡದಲ್ಲಿ, ಜೀವಿಗಳಲ್ಲಿ ದಯೆ ಇರಲಿ ಎಂದು ಅಶೋಕ ಬಂಡೆಗೆ ಕೆತ್ತಿಸಿದ ಕಡೆ ಬಿಡುತ್ತೇನೆ ಎಂದು ಬೈಕಿಗೆ ಚೀಲ ಕಟ್ಟಿಕೊಂಡು ಹೋದ. ಪಾಳೇಗಾರ ತಿರುಗಿ ನೋಡಿದನೋ ಇಲ್ಲವೋ, ಚೀಲದೊಳಗೆ ಕಾಣಲಿಲ್ಲ. ನೋಡಿದ ಎಂದೇ ಇಟ್ಟುಕೊಂಡಿದ್ದೇನೆ.

ಇನ್ನು ಕೊಟ್ರಮ್ಮನಾದರೂ ಹೋಗುತ್ತಾಳಲ್ಲ, ಗೆದ್ದೆ ಎಂದು ನಾನು ಉರಿಯುವ ಬೆನ್ನನ್ನು ಸಮಾಧಾನ ಮಾಡುತ್ತಿದ್ದೆ. ಅವಳು ಬಾಗಿಲಿಗೆ ಬಂದಳು. ತ್ರಿವೇಣಿಯ ಕೈಯಿಂದ ಬ್ಯಾಗು ತೆಗೆದುಕೊಂಡಳು.

‘ನೀನು ಹೋಗಿ ಬಾರಮ್ಮ. ಗಂಡಸಿಲ್ಲದ ಮನ್ಯಾಗೆ ತಂಗೀನ ಒಂಟಿ ಬಿಟ್ಟು ನಾನೆಂಗೆ ಬರ್ಲಿ?’

ಅಯ್ಯೋ ಅತ್ತೆ ಎಂದು ತ್ರಿವೇಣಿ ಕಣ್ಣೊರೆಸಿಕೊಂಡಳು. ಆ ಕಣ್ಣು ಒಣಗುವ ಮೊದಲೇ ಅವಳ ಕಾರು ಬಿ.ಜಿ. ಕೆರೆ ದಾಟಿತ್ತು.

ಈಗ ನಾನು ಪಂಪಿನ ಶೆಡ್ಡಿನಲ್ಲಿದ್ದೇನೆ. ಪಾಳೇಗಾರ ಹೋದದ್ದು ಗೊತ್ತಾಗಿ ಇಲಿಗಳು ಸಂಸಾರ ಸಮೇತ ವಾಪಸ್ಸು ಬಂದಿವೆ. ನಿನ್ನೆ ಎರಡನೆಯ ಅಮಾವಾಸ್ಯೆ ಕಳೆಯಿತು, ಇನ್ನೊಂದೇ ಎಂದು ಉಲ್ಲಾಸದಲ್ಲಿ ಮುಖಕ್ಷೌರ ಮಾಡಿಕೊಂಡು ಕೂತಿದ್ದೆ. ಜಗದಾಂಬ ಬುತ್ತಿ ತಂದಳು. ಬಿಚ್ಚಿ ಬಡಿಸಿದಳು. ನಾನು ಎರಡು ತುತ್ತು ಉಂಡ ಮೇಲೆ ಮೆಲ್ಲಗೆ ಹೇಳಿದಳು.

‘ನಿನ್ನೇದು ಅಧಿಕ ಮಾಸದ ಅಮಾಸೆ ಅಂತೆ ಕಣ್ರಿ, ಲೆಕ್ಕಕ್ಕೆ ಬರಲ್ವಂತೆ. ಅಕ್ಕ ಪಂಚಾಂಗ ತೆಗ್ಸಿ ನೋಡಿದ್ಲು. ನೀವೇನೂ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಎಷ್ಟು ತಿಂಗಳಾದ್ರೂ ಆಗ್ಲಿ, ನೀವು ಬರೋತನಕ ಆಕೆ ಎಲ್ಲಿಗೂ ಹೋಗಲ್ವಂತೆ.’