ಹುಣಸಿ ದಿಮ್ಮಿಗೆ ಎರಡು ಗರಗಸ

ತಂಗಿ ಇಂದೂನನ್ನು ನೋಡಲು ಬೆಳಗಾವಿಯ ಮಂದಿ ಬರುವ ದಿನವೇ ಮಾರ್ತಾಂಡನ ಮನೆಯಲ್ಲಿ ಕಟ್ಟಿಗೆ ಮುಗಿಯಿತು.

ಯುದ್ಧದ ಕಾಲ. ಪುಣೆಯಲ್ಲಿ ಸೀಮೆಎಣ್ಣೆ ಕೇಳಿದರೆ ಅಂಗಡಿಯವನು ತನ್ನ ಮಗಳನ್ನೇ ಕೇಳಿದರೇನೋ ಎಂಬಂತೆ ಮೇಲಿಂದ ಕೆಳಗೆ ನೋಡುತ್ತಿದ್ದ. ಕಟ್ಟಿಗೆ ವಖಾರಿಗೆ ಬೀಗ. ಉಳಿದದ್ದು ಅಂಗಳದ ಮೂಲೆಯ ಹುಣಸಿ ದಿಮ್ಮಿಗಳು. ಕಚೇರಿಯ ಆವರಣದಲ್ಲಿ ಮರ ಬಿದ್ದಾಗ ಸಾಹೇಬರ ಕೈಕಾಲು ಹಿಡಿದು ಮಾರ್ತಾಂಡನೇ ಗಾಡಿಯಲ್ಲಿ ತಂದದ್ದು. ಒಂದೊಂದೂ ಬೀಸುಕಲ್ಲಿನಷ್ಟು ಅಗಲ. ಎರಡು ಬೇಸಿಗೆ ಒಣಗಿ ಕಲ್ಲಿಗಿಂತ ಗಟ್ಟಿಯಾಗಿದ್ದವು.

ಬೆಳಗಿನ ಹೊತ್ತಿಗೇ ಆತ ಕೊಡಲಿ ಎತ್ತಿ ಹಾಕಿದ. ಹುಣಸಿಯ ನಾರು ಜಡೆಯ ಹಾಗೆ ಹೆಣೆದುಕೊಂಡಿರುತ್ತದೆ. ಕೊಡಲಿ ಅದರೊಳಗೆ ಸಿಕ್ಕಿಬಿತ್ತು. ಜಗ್ಗಿದರೆ ಹಿಡಿಯ ಕಾವು ಮುರಿದು ಕೈಗೆ ಬಂತು.

ಹೆಂಡತಿ ಗೋದಾ ಆ ಕಾವನ್ನು ಇಸಿದುಕೊಂಡಳು. "ಇದರಾಗ ಚಾ ಆಗ್ತದ. ಸಂಜಿ ಹೋಳಿಗಿಗೆ ಏನ್ ಉರಿಸ್ಲಿ ಹೇಳ್ರಿ."

ಈ ಮಾತು ಪಕ್ಕದ ಖೋಲಿಯ ಪ್ರಲ್ಹಾದರಾಯರ ಕಿವಿಗೆ ಬಿತ್ತು. ಧಾರವಾಡದಲ್ಲಿ ಚಿತ್ರಕಲಾ ಮಾಸ್ತರರಾಗಿದ್ದು ನಿವೃತ್ತಿಯಾದವರು. ಬೇರೆಯವರ ತೊಂದರೆ ಕಂಡರೆ ಅವರಿಗೆ ಹಸಿವೆ ಹೆಚ್ಚುತ್ತಿತ್ತು. ಬಟ್ಟೆಯಲ್ಲಿ ಸುತ್ತಿದ ಗರಗಸವನ್ನು ಕೂಸಿನಂತೆ ಎತ್ತಿಕೊಂಡು ಬಂದರು.

"ಮಾರ್ತಾಂಡ, ಅಡ್ಡ ಕೊಯ್ಯೂದು ಬ್ಯಾರೆ, ನಾರಿನ ಗುಂಟ ಸೀಳೂದು ಬ್ಯಾರೆ. ಇದು ವಿಲಾಯತಿ ಮಾಲು. ಹಲ್ಲು ಭಾಳ ಸಣ್ಣವು. ಚಿಟಿಕಿಗಿಂತ ಹೆಚ್ಚು ಹೊಟ್ಟು ಉದುರೂದಿಲ್ಲ. ಕಟಗಿ ಒಂದಿಷ್ಟೂ ದಂಡ ಆಗೂದಿಲ್ಲ."

ಅಷ್ಟರಲ್ಲಿ ಮೂಲೆಯ ಹೋಟೆಲಿನ ದೇವದಾಸ್ ಬಾಗಿಲಲ್ಲಿ ನಿಂತಿದ್ದ. ಮಂಗಳೂರಿನ ಕಡೆಯವನು. ಹೆಗಲ ಮೇಲಿನ ಗರಗಸಕ್ಕೆ ಮೊಸಳೆಯ ಹಲ್ಲು.

"ಸಣ್ಣ ಹಲ್ಲು ನಾರಿಗೆ ಕಚಗುಳಿ ಇಡ್ತದೆ ಅಷ್ಟೇ ಮಾರಾಯ್ರೆ. ಇದು ನಮ್ಮೂರಿನ ದೋಣಿ ಮಾಡುವ ಆಚಾರಿಯದ್ದು. ದಿಮ್ಮಿ ಇದನ್ನು ನೋಡಿದ್ರೇ ಬಾಯಿ ಬಿಡ್ತದೆ."

"ಹಂಗಾರ ಪರೀಕ್ಷಾ ಆಗ್ಲಿ," ಎಂದರು ರಾಯರು.

ಮಾರ್ತಾಂಡನಿಗೆ ಹೋದ ಜೀವ ಬಂತು. "ಭಾಳ ಉಪಕಾರ ಆತ್ರಿ. ಶುರು ಮಾಡ್ರಿ."

ಇಬ್ಬರೂ ಹಿಂದೆ ಸರಿದರು.

"ನನ್ನ ಗರಗಸ ನಾನೇ ಹಿಡಿದ್ರ ಪಕ್ಷಪಾತ ಆಗ್ತದಪಾ," ಎಂದರು ರಾಯರು. "ನೀನೇ ಕೊಯ್ಯಿ. ನಾವು ನ್ಯಾಯ ಹೇಳ್ತೀವಿ."

ಮಾರ್ತಾಂಡ ಕೊಯ್ದ. ವಿಲಾಯತಿ ಗರಗಸ ಒಂದು ಬೆರಳು ಒಳಗೆ ಹೋಗಿ, ಹಲ್ಲಿನ ಸಂದಿಯಲ್ಲಿ ನಾರು ತುಂಬಿಕೊಂಡು, ನೀರಿಗಿಳಿದ ಎಮ್ಮೆಯಂತೆ ನಿಂತುಬಿಟ್ಟಿತು. ಆಮೇಲೆ ಮೊಸಳೆ ಹಲ್ಲಿನದು. ಅದು ದಿಮ್ಮಿಗಿಂತ ಹೆಚ್ಚಾಗಿ ಮಾರ್ತಾಂಡನನ್ನೇ ಅಲುಗಾಡಿಸಿತು. ಆದರೂ ಎರಡು ಬೆರಳು ಇಳಿಯಿತು.

ದೇವದಾಸ್ ಮೀಸೆ ತಿರುವಿದ. ರಾಯರು ಒಪ್ಪಲಿಲ್ಲ. "ನಂದು ನಡಿಯೂವಾಗ ಗಂಟು ಅಡ್ಡ ಬಂತು. ಬ್ಯಾರೆ ದಿಮ್ಮಿ ತಗೋ."

ಬೇರೆ ದಿಮ್ಮಿಯಲ್ಲಿ ರಾಯರದು ಮುಂದೆ ಹೋಯಿತು. ಈಗ ದೇವದಾಸ್ ಒಪ್ಪಲಿಲ್ಲ. "ಮಾರ್ತಾಂಡರ ತೋಳು ದಣಿದ ಮೇಲೆ ನನ್ನ ಗರಗಸ ಕೊಟ್ರೆ ಹೇಗೆ? ಮೊದಲು ನನ್ನದು ಆಗ್ಬೇಕು."

ಹೀಗೆ ಮಧ್ಯಾಹ್ನ ಜಾರಿತು. ಒಂದು ದಿಮ್ಮಿಯೂ ಸೀಳಲಿಲ್ಲ. ಎಲ್ಲದರ ಮೇಲೂ ಅಲ್ಲಲ್ಲಿ ನಾಮ ಬಳಿದಂತೆ ಗೀರುಗಳು. ಮಾರ್ತಾಂಡ ತಲೆಯಿಂದ ಕಾಲಿನವರೆಗೆ ಹೊಟ್ಟು ಮೆತ್ತಿಕೊಂಡು, ಹಿಟ್ಟಿನ ಗಿರಣಿಯಲ್ಲಿ ಮಲಗಿ ಎದ್ದವನಂತಿದ್ದ. ಅಂಗೈಯಲ್ಲಿ ಬೊಬ್ಬೆ.

ಗೋದಾ ಹೊರಗೆ ಬಂದಳು. ದಿಮ್ಮಿ ನೋಡಿದಳು, ನ್ಯಾಯಾಧೀಶರನ್ನು ನೋಡಿದಳು, ಗಂಡನನ್ನು ನೋಡಿದಳು. ಮೊರದಲ್ಲಿ ಹೊಟ್ಟು ಬಳಿದುಕೊಂಡು ಒಳಗೆ ಹೋದಳು. ಹಳೆಯ ಡಬ್ಬಿಯ ಬುಡಕ್ಕೆ ತೂತು ಮಾಡಿ, ನಡುವೆ ಸೀಸೆ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು ತುಂಬಿ, ಸೀಸೆ ಎಳೆದು, ಕೆಳಗಿನಿಂದ ಕಡ್ಡಿ ಗೀರಿದಳು. ಉರಿ ಹದವಾಗಿ, ಸದ್ದಿಲ್ಲದೆ ಎದ್ದಿತು.

ಸಂಜೆ ಬೀಗರಾಗುವವರು ಬಂದರು. ಹುಡುಗ ಶ್ಯಾಮ ಬಡಪಾಯಿ, ಕಣ್ಣು ಎತ್ತಲೇ ಇಲ್ಲ. ತೀರ್ಮಾನವೆಲ್ಲ ಅವನ ತಾಯಿ ಗೌರಾಬಾಯಿಯದು. ಆಕೆ ಈವರೆಗೆ ಏಳು ಕನ್ಯೆಯರನ್ನು ಬೇಡವೆಂದವಳು. ಇಂದೂನ ಮುಖ ನೋಡಿ ಹ್ಞೂಂ ಎಂದಳು. ಹೋಳಿಗೆ ಬಾಯಿಗಿಟ್ಟಳು. ಇನ್ನೊಂದು ಹಾಕಿಸಿಕೊಂಡು, ಎದ್ದು ನೆಟ್ಟಗೆ ಅಡಿಗೆಮನೆಗೆ ನಡೆದಳು.

ಹೊರಗೆ ಬಂದು ಆಕೆ ಹೇಳಿದಳು, "ಹುಡುಗಿ ಪಸಂದ ಅದ. ವರದಕ್ಷಿಣಿ ಬ್ಯಾಡ. ಲಗ್ನ ಇದೇ ಅಂಗಳದಾಗ ಮಾಡ್ರಿ."

ಮಾರ್ತಾಂಡನಿಗೆ ಬೊಬ್ಬೆಯ ಉರಿ ಮರೆತೇ ಹೋಯಿತು. ಆ ಹುಣಸಿ ದಿಮ್ಮಿಗಳಿಗೆ ಅಡ್ಡ ಬೀಳಬೇಕು ಅನ್ನಿಸಿತು.

"ಒಂದೇ ಮಾತು," ಎಂದಳು ಗೌರಾಬಾಯಿ. "ಲಗ್ನದ ಅಡಿಗಿ ಪೂರಾ ಈ ಹೊಟ್ಟಿನ ಒಲಿ ಮ್ಯಾಲೇ ಆಗ್ಬೇಕು. ಹೊಗಿ ಇಲ್ಲ, ಮಸಿ ಇಲ್ಲ, ಹೋಳಿಗಿ ಎಷ್ಟು ಹದ ಬೆಂದಾವ ನೋಡ್ರಿ. ನಮ್ಮ ಊರಿನ ಮಂದಿ ಎಲ್ಲಾ ಉಂಡು ಹೋಗ್ಲಿ."

"ಅದಕ್ಕೇನ್ರಿ," ಎಂದ ಮಾರ್ತಾಂಡ. "ಕಟಗಿ ಮಿಲ್ಲಿನಾಗ ಹೊಟ್ಟು ಚೀಲಗಟ್ಲೆ ಸಿಗ್ತದ."

"ಮಿಲ್ಲಿನದು ಬ್ಯಾಡ. ಅದರಾಗ ಬೇವು ಕೂಡಿರ್ತದ, ಅಡಿಗಿಗೆ ಕಹಿ ನಾತ ಹಿಡೀತದ. ಹುಣಸೀದೇ ಆಗ್ಬೇಕು. ಅಂಗಳದಾಗ ದಿಮ್ಮಿ ಇಡಿಯಾಗೇ ಅದಾವಲ್ಲ."

ಊಟಕ್ಕೆ ಕೂತಿದ್ದ ಪ್ರಲ್ಹಾದರಾಯರು ತಮ್ಮ ವಿಲಾಯತಿ ಗರಗಸವನ್ನು ನೆನೆದು ಮುಖ ಸಣ್ಣದು ಮಾಡಿಕೊಂಡರು. "ಅಂದ್ರ ಈಗ ಕಡಿಮಿ ಹೊಟ್ಟು ಉದುರಿಸೂದು ಸೋತಂಗಾತು."

"ಹಾಗೆ ಹೇಳ್ಲಿಕ್ಕೆ ಬರುದಿಲ್ಲ," ಎಂದ ಪಕ್ಕದ ಎಲೆಗೆ ಕೂತಿದ್ದ ದೇವದಾಸ್ ದೊಡ್ಡ ಮನಸ್ಸಿನಿಂದ. "ಇವತ್ತು ನಾವು ನೋಡಿದ್ದು ಸೀಳುವ ಪರೀಕ್ಷೆ. ಹೊಟ್ಟಿನ ಪರೀಕ್ಷೆ ಬೇರೆಯೇ ಆಗ್ಬೇಕು. ನಾಳೆ ಬೆಳಿಗ್ಗೆ ಬರ್ತೇನೆ."

ಗೌರಾಬಾಯಿ ಮಾತು ಪಕ್ಕಾ ಮಾಡಲು ತಾಂಬೂಲದ ತಟ್ಟೆ ಚಾಚಿದಳು. ಮಾರ್ತಾಂಡ ಕೈ ಒಡ್ಡಿದ. ಬೆರಳು ಮಡಚಲಿಲ್ಲ, ತಟ್ಟೆ ಗಡಗಡ ನಡುಗಿ ಅಡಿಕೆಯೆಲ್ಲ ನೆಲಕ್ಕೆ ಉರುಳಿತು.

"ಪಾಪ," ಎಂದಳು ಗೌರಾಬಾಯಿ ಕಣ್ಣೊರೆಸಿಕೊಂಡು. "ತಂಗಿ ಮ್ಯಾಲೆ ಎಷ್ಟು ಜೀವ ನೋಡ್ರಿ. ಸಂತೋಷಕ್ಕ ಕೈಯೇ ನಿಲ್ಲವಲ್ವು."